ಬಸ್ ಮನೆಗೆ ಹೀಟರ್: 8 ಕಿಲೋವ್ಯಾಟ್ ಡೀಸೆಲ್ ಒಂದೇ ಸಾಕಾ, ಜಾಸ್ತಿಯಾಯ್ತಾ?

ಚಕ್ರದಮನೆ

ಬಸ್ಸಿನೊಳಗಿನ ಸೀಟು, ನೆಲದ ಪ್ಲೈವುಡ್, ಒಳತಗಡು ಎಲ್ಲ ಬಿಚ್ಚಿ ಆಗಿದೆ, ಇನ್ನು ಇನ್ಸುಲೇಶನ್. ಹೀಟರ್ ಯಾವುದು ಅಂತ ಈಗಲೇ ತೀರ್ಮಾನವಾದರೆ ನೆಲ ಮುಚ್ಚುವ ಮೊದಲೇ ತೂತು ಕೊರೆದು ಪೈಪು ಎಳೆದುಬಿಡಬಹುದು. ವಿವರ ಇಷ್ಟು:

ಒಳ ಅಳತೆ 9 ಮೀಟರ್ ಉದ್ದ, 2.4 ಅಗಲ, 1.95 ಎತ್ತರ. ಗೋಡೆ, ಚಾವಣಿ, ನೆಲ ಮೂರಕ್ಕೂ 50 ಮಿ.ಮೀ. ಎಕ್ಸ್‌ಪಿಎಸ್ (ಗಟ್ಟಿ ಫೋಮ್) ಹಲಗೆ. ಅರ್ಧದಷ್ಟು ಕಿಟಕಿಗಳನ್ನು ತಗಡು ಹೊಡೆದು ಮುಚ್ಚುವುದು, ಮುಂದಿನ ಗಾಜೂ ಸೇರಿ 8 ಚದರ ಮೀಟರ್ ಒಂಟಿ ಗಾಜು ಉಳಿಯುತ್ತದೆ. 12 ವೋಲ್ಟಿನ 300 ಆಂಪಿಯರ್-ಅವರ್ ಲಿಥಿಯಂ ಬ್ಯಾಟರಿ, 600 ವ್ಯಾಟ್ ಸೋಲಾರ್. ಮಲಗುವವರು ಇಬ್ಬರು. ರಾತ್ರಿ ಮೈನಸ್ 7 ಡಿಗ್ರಿವರೆಗೂ ಇಳಿಯುವ ಕಡೆ ನಿಲ್ಲಿಸುವುದಿದೆ, ಅಲ್ಲಿ ಕರೆಂಟ್ ಇರುವುದಿಲ್ಲ.

ಮನಸ್ಸಿನಲ್ಲಿರುವುದು '8 ಕಿಲೋವ್ಯಾಟ್' ಅಂತ ಬರೆದಿರುವ ಡೀಸೆಲ್ ಏರ್ ಹೀಟರ್. ದೊಡ್ಡದು ತಗೊಂಡು ಸಣ್ಣಗೆ ಉರಿಸಿದರಾಯಿತು ಅನ್ನುವ ಯೋಚನೆ. ಸರಿಯೇ? ಗ್ಯಾಸ್, ಕಟ್ಟಿಗೆ ಒಲೆ, ಬಿಸಿನೀರಿನ ವ್ಯವಸ್ಥೆ ಇವನ್ನೆಲ್ಲ ಮರೆತುಬಿಡಲೇ? ಸೀಟಿನಡಿ ಇದ್ದ ಬಸ್ಸಿನ ಮೂಲ ಹೀಟರ್ ಕಿತ್ತು ಹಾಕಲೇ?

ಲೆಕ್ಕದಪಟ್ಟಿ

ಹೀಟರ್ ಆಮೇಲೆ. ಬಸ್ಸು ಎಷ್ಟು ಶಾಖ ಸೋರಿಸುತ್ತದೆ ಅನ್ನುವುದು ಮೊದಲು. ಒಳಗೆ 18, ಹೊರಗೆ ಮೈನಸ್ 7 ಇಟ್ಟುಕೊಂಡರೆ ವ್ಯತ್ಯಾಸ 25 ಡಿಗ್ರಿ.

ನಿಮ್ಮ ಅಳತೆಗೆ ಆರೂ ಮೈ ಸೇರಿ ಸುಮಾರು 88 ಚದರ ಮೀಟರ್. ಗಾಜು ಕಳೆದರೆ 80. 50 ಮಿ.ಮೀ. ಎಕ್ಸ್‌ಪಿಎಸ್ ಪುಸ್ತಕದ ಪ್ರಕಾರ ಚದರ ಮೀಟರಿಗೆ, ಡಿಗ್ರಿಗೆ 0.6 ವ್ಯಾಟ್ ಬಿಡಬೇಕು. ಆದರೆ ಬಸ್ಸಿನ ಉಕ್ಕಿನ ಪಕ್ಕೆಲುಬುಗಳು ಹಲಗೆಗಳ ನಡುವೆ ನುಗ್ಗಿ ನೇರ ಹೊರಗಿನ ತಗಡಿಗೆ ಅಂಟಿರುತ್ತವೆ, ಅದಕ್ಕೇ 0.9 ಹಿಡಿಯಿರಿ. 80 × 0.9 × 25 = 1800 ವ್ಯಾಟ್.

ಒಂಟಿ ಗಾಜು ಚದರ ಮೀಟರಿಗೆ, ಡಿಗ್ರಿಗೆ 5.7 ವ್ಯಾಟ್ ಬಿಡುತ್ತದೆ: 8 × 5.7 × 25 = 1140 ವ್ಯಾಟ್.

ಗಾಳಿ ಸೋರಿಕೆ: ಒಳಗಿರುವುದು 42 ಘನ ಮೀಟರ್ ಗಾಳಿ. ಗಂಟೆಗೆ ಒಂದೂವರೆ ಸಲ ಬದಲಾಗುತ್ತದೆ ಅಂದರೆ 42 × 1.5 × 0.33 × 25, ಹತ್ತಿರ ಹತ್ತಿರ 520 ವ್ಯಾಟ್ (0.33 ಅನ್ನುವುದು ಒಂದು ಘನ ಮೀಟರ್ ಗಾಳಿ ಒಂದು ಡಿಗ್ರಿ ಕಾಯಲು ಬೇಕಾದ ವ್ಯಾಟ್-ಅವರ್).

ಒಟ್ಟು ಮೂರೂವರೆ ಕಿಲೋವ್ಯಾಟ್. ಗಾಜು ಇರುವುದು ನೂರಕ್ಕೆ 9 ಭಾಗ, ನುಂಗುವುದು ಮೂರರಲ್ಲಿ ಒಂದು ಪಾಲು. ರಾತ್ರಿ ಗಾಜಿಗೆ 20 ಮಿ.ಮೀ. ಫೋಮ್ ಹಲಗೆ ಒತ್ತಿ ಕೂರಿಸಿದರೆ ಆ 1140 ಇಳಿದು 260 ಆಗುತ್ತದೆ. ಆಗ ಬೇಕಿರುವುದು ಬರೀ 2.6 ಕಿ.ವ್ಯಾ. ಅದೂ ಅತಿ ಚಳಿಯ ರಾತ್ರಿಗೆ. ಹೊರಗೆ 10 ಡಿಗ್ರಿ ಇರುವ ಸಾಮಾನ್ಯ ರಾತ್ರಿಯಲ್ಲಿ ಸುಮಾರು 850 ವ್ಯಾಟ್ ಸಾಕು, ಅದರಲ್ಲೂ ಮಲಗಿರುವ ಇಬ್ಬರ ಮೈಶಾಖವೇ 150 ವ್ಯಾಟ್ ಕೊಡುತ್ತದೆ.

ಹಾಗಾಗಿ ಪೆಟ್ಟಿಗೆಯ ಮೇಲೆ ಬರೆದಿರುವ ಗರಿಷ್ಠ ನೋಡಬೇಡಿ, ಕನಿಷ್ಠ ಎಷ್ಟು ಅಂತ ಕೇಳಿ. ವರ್ಷದ ಬಹುಪಾಲು ರಾತ್ರಿ ಹೀಟರ್ ಕೆಲಸ ಮಾಡುವುದು ಆ ತುದಿಯಲ್ಲಿ.

ಡೀಸೆಲ್‌ಡಬ್ಬಿ

ಪಟ್ಟಿಯವರು ಹೇಳಿದ್ದು ನೂರಕ್ಕೆ ನೂರು. ಇನ್ನು ಆ '8 ಕಿಲೋವ್ಯಾಟ್' ಕಥೆ. ಸ್ಟಿಕರ್ ಬೇರೆ ಬೇರೆ, ಒಳಗಿನ ಬರ್ನರ್, ಪಂಪು ಎರಡೂ ಒಂದೇ ಆಗಿರುವುದು ಈ ಅಗ್ಗದ ಹೀಟರುಗಳಲ್ಲಿ ಮಾಮೂಲು. ಪಂಪು ನೋಡಿದರೆ ನಿಜ ಗೊತ್ತಾಗುತ್ತದೆ.

ಪಂಪಿನ ಮೇಲೆ 22 ಅಂತ ಇದ್ದರೆ ಸಾವಿರ ಬಡಿತಕ್ಕೆ 22 ಮಿ.ಲೀ., ಅಂದರೆ ಒಂದು 'ಟಕ್'ಗೆ 0.022 ಮಿ.ಲೀ. ಸೆಕೆಂಡಿಗೆ 5 ಬಡಿತದ ಮೇಲೆ ಓಡದಿದ್ದರೆ ಗಂಟೆಗೆ 5 × 3600 × 0.022 = 396 ಮಿ.ಲೀ. ಒಂದು ಲೀಟರ್ ಡೀಸೆಲ್ಲಿನಲ್ಲಿ ಸುಮಾರು 10 ಯೂನಿಟ್ ಶಕ್ತಿ ಇದೆ, ಒಳಗೆ ಸಿಗುವುದು 8. ಅಲ್ಲಿಗೆ ನಿಮ್ಮ 8 ಕಿಲೋವ್ಯಾಟ್ ಹೀಟರ್ ನಿಜವಾಗಿ ಕೊಡುವುದು 3.2! ನಿಜಕ್ಕೂ 8 ಬೇಕಿದ್ದರೆ ಗಂಟೆಗೆ ಒಂದು ಲೀಟರ್ ಕುಡಿಯಬೇಕು. ಕೆಳತುದಿಯಲ್ಲಿ 1.4 ಬಡಿತ ಅಂದರೆ ಗಂಟೆಗೆ 110 ಮಿ.ಲೀ., ಅಂದಾಜು 0.9 ಕಿ.ವ್ಯಾ.

ಪಂಪಿನ ಮೇಲಿನ ಅಂಕಿಯನ್ನೂ ನಂಬಬೇಕಿಲ್ಲ. ಹೀಟರ್ ಕಡೆಯ ನಳಿಕೆ ಬಿಚ್ಚಿ ಅಳತೆ ಜಾಡಿಗೆ ಇಳಿಬಿಡಿ, ಎಣ್ಣೆ ತುಂಬಿಸುವ ಮೋಡ್ ಹಾಕಿ, ನಳಿಕೆಯಲ್ಲಿ ಗುಳ್ಳೆ ನಿಂತ ಮೇಲೆ 500 ಬಡಿತ ಎಣಿಸಿ. ಜಾಡಿಯಲ್ಲಿ 11 ಮಿ.ಲೀ. ಇರಬೇಕು. 13 ಬಂತು ಅಂದರೆ ಉರಿಯಲ್ಲಿ ಎಣ್ಣೆ ಹೆಚ್ಚು, ಮಸಿ ಖಾತ್ರಿ.

ಸಣ್ಣಗೆ ಉರಿಸಿದರೆ ಏನು ತೊಂದರೆ ಅಂದರೆ, ಬರ್ನರ್ ಸಾಕಷ್ಟು ಕಾಯುವುದಿಲ್ಲ, ಡೀಸೆಲ್ ಪೂರ್ತಿ ಆವಿಯಾಗದೆ ಇಂಗಾಲವಾಗಿ ಕೂರುತ್ತದೆ. ಗ್ಲೋ ಪ್ಲಗ್ (ಸ್ಟಾರ್ಟಿನಲ್ಲಿ ಕಾದು ಎಣ್ಣೆ ಹೊತ್ತಿಸುವ ಕಡ್ಡಿ) ಸುತ್ತ ಒಂದು ಸಣ್ಣ ಲೋಹದ ಜಾಲರಿ ಇದೆ, ಮೊದಲು ಕಟ್ಟಿಕೊಳ್ಳುವುದು ಅದೇ. ಲಕ್ಷಣ: ಸ್ಟಾರ್ಟ್ ಮಾಡಿದಾಗ ದಟ್ಟ ಬಿಳಿ ಹೊಗೆ, ಮೊದಲ ಯತ್ನ ವಿಫಲ, ಎರಡನೆಯದಕ್ಕೆ ಹಿಡಿಯುತ್ತದೆ. ಆಮೇಲೆ ಎರಡನೆಯದಕ್ಕೂ ಹಿಡಿಯುವುದಿಲ್ಲ. ಪ್ಲಗ್ ಬಿಚ್ಚಿ, ಜಾಲರಿ ಎಳೆದು ಹೊಸದು ಹಾಕಿದರೆ ಅರ್ಧಕ್ಕರ್ಧ ಪ್ರಕರಣ ಅಲ್ಲಿಗೇ ಮುಗಿಯುತ್ತದೆ. ಬರದಂತೆ ತಡೆಯಲು ದಿನಾ ಆರಿಸುವ ಮೊದಲು 20 ನಿಮಿಷ ಪೂರ್ತಿ ಉರಿಯಲ್ಲಿ ಬಿಡಿ.

ಒಲೆಮುಂದೆ

ಕಟ್ಟಿಗೆ ಒಲೆಗೆ ಕರೆಂಟೇ ಬೇಡ. ಬ್ಯಾಟರಿ ಸತ್ತರೂ ಉರಿಯುತ್ತದೆ, ಒಣ ಶಾಖ, ಮೇಲೆ ನೀರೂ ಕಾಯುತ್ತದೆ. ಆದರೆ ಮುಖ್ಯ ಹೀಟರ್ ಅಂತ ನಂಬಿಕೊಳ್ಳಬೇಡಿ. ಬಸ್ಸಿಗೆ ಹೊಂದುವ ಒಲೆಯ ಹೊಟ್ಟೆಗೆ ಒಂದು ಸಲಕ್ಕೆ ಹಿಡಿಯುವುದು ಒಂದು ಕಿಲೋ ಸೌದೆ. ಚೆನ್ನಾಗಿ ಒಣಗಿದ ಕಿಲೋ ಸೌದೆಯಲ್ಲಿ 4 ಯೂನಿಟ್, ಒಳಗೆ ಉಳಿಯುವುದು ಎರಡೂವರೆಗಿಂತ ಕಡಿಮೆ. ಗಂಟೆಗೊಮ್ಮೆ ಎದ್ದು ಹಾಕದಿದ್ದರೆ ನಡುರಾತ್ರಿಗೆ ಒಲೆ ಬೂದಿ. ರಾತ್ರಿಯಿಡೀ ಉರಿಯಲಿ ಅಂತ ಗಾಳಿ ಬಾಗಿಲು ಮುಚ್ಚಿದರೆ ಹೊಗೆಯಲ್ಲಿನ ಟಾರು ಚಿಮಣಿಗೆ ಅಂಟಿ ಮುಂದೊಂದು ದಿನ ಅದಕ್ಕೇ ಬೆಂಕಿ ಹತ್ತುತ್ತದೆ.

ಹಾಕುವುದೇ ಆದರೆ ನಿಮ್ಮ ವಿಷಯದಲ್ಲಿ ಮುಖ್ಯವಾದದ್ದು ಎಕ್ಸ್‌ಪಿಎಸ್. ಅದು 75 ಡಿಗ್ರಿ ದಾಟಿದರೆ ಮೆತ್ತಗಾಗಿ ಕುಸಿಯುತ್ತದೆ. ಒಲೆಯ ಹಿಂದೆ, ಚಿಮಣಿಯ ಸುತ್ತ ಅದನ್ನು ಕತ್ತರಿಸಿ ತೆಗೆದು ಕಲ್ಲುಣ್ಣೆ ತುಂಬಬೇಕು. ಅದರ ಮುಂದೆ 25 ಮಿ.ಮೀ. ಅಂತರ ಬಿಟ್ಟು ಉಕ್ಕಿನ ತಗಡು, ಕೆಳಗೂ ಮೇಲೂ ಬಾಯಿ ತೆರೆದಿರಬೇಕು. ಆ ಸಂದಿಯಲ್ಲಿ ಗಾಳಿ ಮೇಲೇರುತ್ತಾ ಇದ್ದರೆ ಮಾತ್ರ ತಗಡು ಗೋಡೆಯನ್ನು ಕಾಪಾಡುತ್ತದೆ. ಚಾವಣಿ ದಾಟುವಲ್ಲಿ ಇಮ್ಮಡಿ ಗೋಡೆಯ ಚಿಮಣಿ, ಒಲೆಯ ಕಾಲು ನೆಲದ ಉಕ್ಕಿಗೆ ಬೋಲ್ಟ್. ಉರಿಯಲು ಬೇಕಾದ ಗಾಳಿ ನೆಲದ ತೂತಿನಿಂದ ಬರಲಿ. ಇಲ್ಲದಿದ್ದರೆ ಅಡುಗೆಮನೆ ಫ್ಯಾನ್ ಹಾಕಿದ ಕೂಡಲೇ ಚಿಮಣಿಯ ಹೊಗೆ ಒಳಗೇ ಇಳಿಯುತ್ತದೆ.

ಚಕ್ರದಮನೆ

ಸರಿ, ಒಲೆ ಕೈಬಿಟ್ಟೆ. ಸುಲಭ ಅಂತ ಗ್ಯಾಸಿನ ರೇಡಿಯಂಟ್ ಹೀಟರ್ ಬಗ್ಗೆಯೂ ಕೇಳಿದ್ದೆ. ಚಿಮಣಿ, ತೂತು ಏನೂ ಬೇಡವಲ್ಲ?

ಇಬ್ಬನಿ

ಚಿಮಣಿ ಬೇಡ ಅನ್ನುವುದೇ ಅದರ ರೋಗ, ಮಾರಾಯ್ರೆ. ಉರಿದದ್ದೆಲ್ಲ ಒಳಗೇ ಉಳಿಯುತ್ತದೆ. ಒಂದು ಕಿಲೋ ಪ್ರೊಪೇನ್ ಉರಿದರೆ 1.6 ಕಿಲೋ ನೀರಾವಿ, 3 ಕಿಲೋ ಇಂಗಾಲದ ಡೈಆಕ್ಸೈಡ್. ಎರಡು ಕಿಲೋವ್ಯಾಟಿನಂತೆ 10 ಗಂಟೆ ಉರಿಸಿದಿರಿ ಅಂದರೆ ಒಂದೂವರೆ ಕಿಲೋ ಗ್ಯಾಸ್, ಎರಡೂವರೆ ಲೀಟರ್ ನೀರು. ಬಕೆಟ್ಟಿನಲ್ಲಿ ತಂದು ಗೋಡೆಗೆ ಎರಚಿದ ಹಾಗೆ. ಬಸ್ಸಿನಂಥ ಬಿಗಿ ಜಾಗದಲ್ಲಿ ಆಮ್ಲಜನಕ ಇಳಿದರೆ ಉರಿ ಕೆಟ್ಟು ಕಾರ್ಬನ್ ಮಾನಾಕ್ಸೈಡ್ ಹುಟ್ಟುತ್ತದೆ. ಮಲಗುವಾಗ ಇದು ಬೇಡವೇ ಬೇಡ.

ಹೊರಗಿನ ಗಾಳಿ ಎಳೆದು ಹೊಗೆ ಹೊರಗೇ ಬಿಡುವ ಮುಚ್ಚಿದ ಬರ್ನರಿನ ಗ್ಯಾಸ್ ಹೀಟರ್ ಬೇರೆಯೇ ಜಾತಿ. ಒಳಗೆ ತೇವ ಬಿಡುವುದಿಲ್ಲ, ಮಸಿ ಕಟ್ಟುವುದಿಲ್ಲ, ಡೀಸೆಲ್ ಪಂಪಿನ ಟಕಟಕ ಇಲ್ಲ. 2 ಕಿ.ವ್ಯಾ. ಗಾತ್ರದ್ದು ಗಂಟೆಗೆ 150 ಗ್ರಾಂ ಆಸುಪಾಸು ಕುಡಿಯುತ್ತದೆ. ಹತ್ತು ಕಿಲೋ ಸಿಲಿಂಡರ್ ಆರೇಳು ರಾತ್ರಿಗೆ ಖಾಲಿ, ತೊಡಕು ಇರುವುದು ಅಲ್ಲಿ. ಮತ್ತೆ ಸಿಲಿಂಡರಿನಲ್ಲಿ ಬ್ಯೂಟೇನ್ ಹೆಚ್ಚಿದ್ದರೆ ಚಳಿಗೆ ಕೈಕೊಡುತ್ತದೆ: ಬ್ಯೂಟೇನ್ ಕುದಿಯುವುದು ಮೈನಸ್ 0.5 ಡಿಗ್ರಿಯಲ್ಲಿ, ಪ್ರೊಪೇನ್ ಮೈನಸ್ 42ರಲ್ಲಿ. ಮೈನಸ್ 7ರ ರಾತ್ರಿ ಪ್ರೊಪೇನ್ ಭಾಗ ಮೊದಲು ಹೋಗಿ ತಳದಲ್ಲಿ ಬ್ಯೂಟೇನ್ ದ್ರವ ಸುಮ್ಮನೆ ಕೂತಿರುತ್ತದೆ. ಅಲುಗಾಡಿಸಿದರೆ ಗುಳುಗುಳು ಅನ್ನುತ್ತದೆ, ಒಲೆ ಹತ್ತುವುದಿಲ್ಲ.

ಸಿಲಿಂಡರ್ ಇರುವ ಗೂಡಿನ ತಳದಲ್ಲಿ ಹೊರಕ್ಕೆ ತೆರೆದ ತೂತು ಇರಲೇಬೇಕು, ಎಲ್‌ಪಿಜಿ ಗಾಳಿಗಿಂತ ಭಾರ. ಗಾಡಿ ಓಡುವಾಗ ಸಿಲಿಂಡರ್ ಬಾಯಿ ಬಂದ್.

ಬಿಸಿನೀರು

ಎಲ್ಲರೂ ಗಾಳಿ ಬೀಸುವ ಹೀಟರಿನಲ್ಲೇ ಸುತ್ತುತ್ತಿದ್ದೀರಿ. ಡೀಸೆಲ್ ಕೂಲಂಟ್ ಹೀಟರ್ (ಗಾಳಿಯ ಬದಲು ಪೈಪಿನಲ್ಲಿ ಸುತ್ತುವ ನೀರು ಕಾಯಿಸುವಂಥದು) ಹಾಕಿದರೆ ಅದೇ ಒಂದು ಉರಿಯಲ್ಲಿ ನೆಲದ ಶಾಖ, ಸ್ನಾನದ ನೀರು, ಬೆಳಿಗ್ಗೆ ಎಂಜಿನ್ ಬೆಚ್ಚಗೆ ಮಾಡುವುದು ಮೂರೂ ಆಗುತ್ತದೆ. ವೆಬಾಸ್ಟೊ ಥರ್ಮೋ ಟಾಪ್, ಎಬರ್‌ಸ್ಪೆಶರ್ ಹೈಡ್ರಾನಿಕ್ ಥರದವು 5 ಕಿ.ವ್ಯಾ. ಗಾತ್ರದಲ್ಲಿ ಸಿಗುತ್ತವೆ. ಶಬ್ದ ಕಡಿಮೆ, ಶಾಖ ಮೂಲೆ ಮೂಲೆಗೂ ಹೋಗುತ್ತದೆ, ಬಾತ್‌ರೂಮಿಗೆ ಪ್ರತ್ಯೇಕ ಡಕ್ಟ್ ಎಳೆಯುವ ಗೋಜಿಲ್ಲ. ನೆಲ ಇನ್ನೂ ತೆರೆದಿದೆ ಅಂದಿದ್ದೀರಿ, ಪೆಕ್ಸ್ (ಬಿಸಿನೀರಿಗೆ ತಡೆಯುವ ಪ್ಲಾಸ್ಟಿಕ್) ಪೈಪು ಹಾಸಲು ಇದಕ್ಕಿಂತ ಒಳ್ಳೆಯ ಸಮಯ ಇಲ್ಲ.

ಲೆಕ್ಕದಪಟ್ಟಿ

ಒಪ್ಪುವ ಮಾತೇ, ಆದರೆ ಮತ್ತೆ ಅದೇ ಕನಿಷ್ಠದ ಪ್ರಶ್ನೆ. ಈ 5 ಕಿ.ವ್ಯಾ. ಹೀಟರುಗಳಲ್ಲಿ ಹಲವು ಇಳಿದರೂ ಎರಡು ಕಿಲೋವ್ಯಾಟಿನ ಮೇಲೇ ನಿಲ್ಲುತ್ತವೆ. ಬಸ್ಸಿಗೆ ಬೇಕಿರುವುದು 850 ವ್ಯಾಟ್. ಪೈಪಿನಲ್ಲಿರುವ ನಾಲ್ಕೈದು ಲೀಟರ್ ನೀರು ಕೆಲವೇ ನಿಮಿಷದಲ್ಲಿ ಕಾದು ಹೀಟರ್ ಆರುತ್ತದೆ, ಸ್ವಲ್ಪ ಹೊತ್ತಿಗೆ ಮತ್ತೆ ಹೊತ್ತಿಕೊಳ್ಳುತ್ತದೆ. ಪ್ರತಿ ಸ್ಟಾರ್ಟಿಗೂ ಗ್ಲೋ ಪ್ಲಗ್, ಪ್ರತಿ ಸಲವೂ ಮಸಿ.

ಬಿಸಿನೀರು

ನಿಜ, ನೀರು ಕಡಿಮೆ ಇದ್ದರೆ ಹಾಗೇ ಆಗುತ್ತದೆ. ಅದಕ್ಕೆ ಮದ್ದು ನೀರಿನ ಗಾತ್ರ ಹೆಚ್ಚಿಸುವುದು. 20 ಲೀಟರ್ ಟ್ಯಾಂಕನ್ನು 15ರಿಂದ 65 ಡಿಗ್ರಿಗೆ ಕಾಯಿಸಲು 1.16 ಯೂನಿಟ್ ಬೇಕು, ಅಂದರೆ 5 ಕಿ.ವ್ಯಾ. ಹೀಟರ್ 14 ನಿಮಿಷ ಒಂದೇ ಸಮ ಓಡುತ್ತದೆ, ಬಿಸಿಯಾಗಿ ಶುದ್ಧವಾಗಿ ಉರಿಯುತ್ತದೆ. 40 ಲೀಟರ್ ಇಟ್ಟರೆ ಇನ್ನೂ ವಾಸಿ. ತೂಕ ಏರುತ್ತದೆ ಅನ್ನುವುದನ್ನು ಅಲ್ಲಗಳೆಯುವುದಿಲ್ಲ.

ಹಾಕುವವರು ಎಡವುವುದು ಬೇರೆ ಕಡೆ. ನೆಲದ ಪೈಪಿಗೆ 70 ಡಿಗ್ರಿ ನೀರು ಬಿಟ್ಟರೆ ಮರದ ಹಾಸು ಸೀಳುತ್ತದೆ. ಮಿಕ್ಸಿಂಗ್ ವಾಲ್ವ್ ಹಾಕಿ 40ಕ್ಕೆ ಇಳಿಸಲೇಬೇಕು. ಎತ್ತರದ ಪ್ರತಿ ತಿರುವಿನಲ್ಲೂ ಗಾಳಿ ಬಿಡುವ ನಿಪ್ಪಲ್ ಇರಲಿ, ಒಂದು ಗಾಳಿಗುಳ್ಳೆ ಕೂತರೂ ನೀರು ಸುತ್ತುವುದು ನಿಂತು ಹೀಟರ್ ಬಿಸಿ ಹೆಚ್ಚಾಗಿ ಕೆಡುತ್ತದೆ. ಎಥಿಲೀನ್ ಗ್ಲೈಕಾಲ್ ಅರ್ಧ, ನೀರು ಅರ್ಧ ಬೆರೆಸಿದರೆ ಮೈನಸ್ 37ರವರೆಗೆ ಹೆಪ್ಪುಗಟ್ಟುವುದಿಲ್ಲ, ಆದರೆ ಅದು ವಿಷ. ಬಳಕೆಯ ನೀರನ್ನು ಕಾಯಿಸುವ ಸುರುಳಿಯಲ್ಲಿ ಪ್ರೊಪಿಲೀನ್ ಗ್ಲೈಕಾಲ್ ಬಳಸಿ.

ಡೀಸೆಲ್‌ಡಬ್ಬಿ

ಬಿಸಿನೀರು ಅವರೇ, ನೀವು ಹೇಳಿದ ವ್ಯವಸ್ಥೆಗೆ ಬೇಕಾದ ಭಾಗಗಳನ್ನು ಎಣಿಸಿ ನೋಡಿ: ಹೀಟರ್, ಪಂಪು, ಟ್ಯಾಂಕು, ಮಿಕ್ಸಿಂಗ್ ವಾಲ್ವ್, ಹೆಡರ್ ಟ್ಯಾಂಕ್, ಪ್ಲೇಟ್ ಹೀಟ್ ಎಕ್ಸ್‌ಚೇಂಜರ್, ಹತ್ತಿಪ್ಪತ್ತು ಕ್ಲಿಪ್ಪು. ಸೋರುವ ಜಾಗಗಳೂ ಅಷ್ಟೇ. 12 ಮೀಟರ್ ಬಸ್ಸಿಗೆ, ವರ್ಷವಿಡೀ ಅದರಲ್ಲೇ ಇರುವವರಿಗೆ ಸರಿ. 9 ಮೀಟರಿಗೆ ಏರ್ ಹೀಟರೇ ಸಾಕು ಅನ್ನುವುದು ನನ್ನ ಪಟ್ಟು.

ವೈರ್‌ಮ್ಯಾನ್

ವಿದ್ಯುತ್ ಬಗ್ಗೆ ಯಾರೂ ಬರೆದಿಲ್ಲ, ಬರೆದುಬಿಡುತ್ತೇನೆ.

ಎಲೆಕ್ಟ್ರಿಕ್ ಹೀಟರ್ ಮರೆತುಬಿಡಿ. 300 ಆಂಪಿಯರ್-ಅವರ್ × 12.8 ವೋಲ್ಟ್ = 3.84 ಯೂನಿಟ್. ಒಂದೂವರೆ ಕಿಲೋವ್ಯಾಟ್ ಕಾಯಿಲ್ ಎರಡೂವರೆ ಗಂಟೆಗೆ ಬ್ಯಾಟರಿ ನೆಕ್ಕಿ ಹಾಕುತ್ತದೆ. ಡೀಸೆಲ್ ಹೀಟರಿನ ಫ್ಯಾನು, ಪಂಪು ಸೇರಿ 25 ವ್ಯಾಟ್ ಹಿಡಿದರೆ ಹತ್ತು ಗಂಟೆಗೆ 250 ವ್ಯಾಟ್-ಅವರ್, ಹೆಚ್ಚೆಂದರೆ 20 ಆಂಪಿಯರ್-ಅವರ್. ಅದು ಲೆಕ್ಕಕ್ಕಿಲ್ಲ.

ಆದರೆ ಸ್ಟಾರ್ಟ್ ಆಗುವಾಗ ಗ್ಲೋ ಪ್ಲಗ್ 10 ಆಂಪಿಯರ್ ಎಳೆಯುತ್ತದೆ, 'ಹೀಟರ್ ಕೆಟ್ಟಿದೆ' ಅನ್ನುವ ದೂರುಗಳಲ್ಲಿ ಬಹಳಷ್ಟು ಹುಟ್ಟುವುದು ಇಲ್ಲಿ. ಬ್ಯಾಟರಿಯಿಂದ ಹೀಟರಿಗೆ 4 ಮೀಟರ್ ದೂರ ಅಂದರೆ ಹೋಗಿಬರಲು 8 ಮೀಟರ್ ತಂತಿ. ಒಂದು ಚದರ ಮಿ.ಮೀ. ತಂತಿಯಾದರೆ 1.4 ವೋಲ್ಟ್ ದಾರಿಯಲ್ಲೇ ಮಾಯ. ಬ್ಯಾಟರಿ 12.2 ತೋರಿಸುತ್ತಿದ್ದರೂ ಹೀಟರಿಗೆ ತಲುಪುವುದು 10.8, ಕಡಿಮೆ ವೋಲ್ಟೇಜ್ ಅಂತ ಎರರ್ ಕೋಡ್ ತೋರಿಸಿ ಮಲಗುತ್ತದೆ. 6 ಚದರ ಮಿ.ಮೀ. ಹಾಕಿ, ನಷ್ಟ ಕಾಲು ವೋಲ್ಟಿಗೂ ಒಳಗೆ. ಫ್ಯೂಸ್ ಬ್ಯಾಟರಿ ಪಕ್ಕದಲ್ಲೇ ಇರಲಿ. ಸೋಲಾರ್ ಕಂಟ್ರೋಲರಿನ ಲೋಡ್ ಟರ್ಮಿನಲ್ಲಿಗೆ ಸಿಕ್ಕಿಸಬೇಡಿ, ನೇರ ಬ್ಯಾಟರಿಯಿಂದ ಬರಲಿ.

ಆರಿಸುವಾಗ ಕಂಟ್ರೋಲರಿನ ಗುಂಡಿಯಿಂದಲೇ ಆರಿಸಿ. ಮೇನ್ ಸ್ವಿಚ್ ಎಳೆದರೆ ಫ್ಯಾನು ನಿಂತು, ಕೆಂಡದಂತಿರುವ ಬರ್ನರಿನ ಶಾಖವೆಲ್ಲ ಸರ್ಕಿಟ್ ಬೋರ್ಡಿಗೂ ಪ್ಲಾಸ್ಟಿಕ್ ಕವಚಕ್ಕೂ ಏರುತ್ತದೆ. ಫ್ಯಾನು ತಾನಾಗಿ ನಿಲ್ಲಲು ಮೂರರಿಂದ ಐದು ನಿಮಿಷ ಬೇಕು, ಕಾಯಿರಿ.

ಇನ್ನೊಂದು: ನಿಮ್ಮದು ಲಿಥಿಯಂ ಐರನ್ ಫಾಸ್ಫೇಟ್ ಆಗಿದ್ದರೆ ಸೊನ್ನೆ ಡಿಗ್ರಿಗಿಂತ ಕೆಳಗೆ ಚಾರ್ಜ್ ಮಾಡಬಾರದು, ಒಳಗೆ ಲಿಥಿಯಂ ಲೋಹ ಕೂತು ಸೆಲ್ ಶಾಶ್ವತವಾಗಿ ಹಾಳು. ಬ್ಯಾಟರಿ ಬಸ್ಸಿನ ಹೊಟ್ಟೆಯ ಡಿಕ್ಕಿಯಲ್ಲಿದ್ದರೆ ಬೆಳಗಿನ ಬಿಸಿಲಿಗೆ ಸೋಲಾರ್ ಚಾರ್ಜ್ ಶುರುವಾಗುವಾಗ ಅದು ಇನ್ನೂ ಹಿಮದ ಗಡ್ಡೆ. ಬಿಸಿಯಿರುವ ಜಾಗದೊಳಗೆ ತನ್ನಿ.

ಚಕ್ರದಮನೆ

ಇದು ತಲೆಗೇ ಹೊಳೆದಿರಲಿಲ್ಲ. ಬ್ಯಾಟರಿ ಹಾಸಿಗೆಯಡಿಗೆ ಬರುತ್ತದೆ. ಹಾಗಾದರೆ 8ರ ಬದಲು 4 ಕಿ.ವ್ಯಾ. ದರ್ಜೆಯ ಒಂದು ಒಳ್ಳೆಯ ಏರ್ ಹೀಟರ್ ತಗೊಳ್ಳಲೇ, ಇಲ್ಲ 2 ಕಿ.ವ್ಯಾ.ದ್ದು ಎರಡು ಹಾಕಲೇ? ಮತ್ತೆ 850 ವ್ಯಾಟ್ ಸಾಕಾಗುವ ರಾತ್ರಿ 900 ವ್ಯಾಟ್ ಕೊಡುವ ಹೀಟರ್ ಏನು ಮಾಡಬೇಕು?

ಡೀಸೆಲ್‌ಡಬ್ಬಿ

ಎರಡು 2 ಹಾಕಿ. ಒಂದು ಹಾಸಿಗೆ ಕಡೆ, ಇನ್ನೊಂದು ಬಾಗಿಲ ಕಡೆ. ಮಾಮೂಲಿ ರಾತ್ರಿ ಒಂದೇ ಓಡುತ್ತದೆ, ಅದೂ ಮಧ್ಯಮ ಉರಿಯಲ್ಲಿ. ಅತಿ ಚಳಿಗೆ ಎರಡೂ. ಒಂದು ಕೆಟ್ಟರೆ ನೀರಿನ ಪೈಪು ಒಡೆಯದಷ್ಟಾದರೂ ಇನ್ನೊಂದು ಕಾಯುತ್ತದೆ. ಒಂಬತ್ತು ಮೀಟರ್ ಉದ್ದಕ್ಕೆ ಡಕ್ಟ್ ಎಳೆಯುವುದೂ ತಪ್ಪಿತು: ಉದ್ದ ಡಕ್ಟ್, ನಾಲ್ಕು ತಿರುವು ಇದ್ದರೆ ಗಾಳಿ ಸರಾಗ ಹೋಗದೆ ಹೀಟರ್ ತಾನೇ ಬಿಸಿಯಾಗಿ ಉರಿ ತಗ್ಗಿಸಿಕೊಳ್ಳುತ್ತದೆ, ನಿಮಗೆ ಮಾತ್ರ 'ಶಕ್ತಿ ಸಾಲದು' ಅನ್ನಿಸುತ್ತದೆ.

ಲೆಕ್ಕದಪಟ್ಟಿ

ನನ್ನ ಮತ ಒಂದು 4ಕ್ಕೆ. ಒಳ್ಳೆಯ 4 ಕಿ.ವ್ಯಾ. ಹೀಟರಿನ ಕನಿಷ್ಠವೂ ಒಂದು ಕಿಲೋವ್ಯಾಟ್ ಆಸುಪಾಸೇ, 2ರದ್ದಕ್ಕಿಂತ ಬಹಳ ದೂರ ಏನಿಲ್ಲ. ಎರಡು ಅಂದರೆ ನೆಲಕ್ಕೆ ಎರಡು ಪಟ್ಟು ತೂತು, ಎರಡು ಸೈಲೆನ್ಸರ್, ಎರಡು ಎಣ್ಣೆ ಸಾಲು. ಆದರೆ ಒಂದು ಕೆಟ್ಟರೆ ಏನು ಅನ್ನುವುದಕ್ಕೆ ನನ್ನಲ್ಲಿ ಉತ್ತರವಿಲ್ಲ, ಅಲ್ಲಿ ಡಬ್ಬಿಯವರೇ ಗೆದ್ದರು.

ಇಬ್ಬನಿ

ಆ 850 ವ್ಯಾಟಿನ ಪ್ರಶ್ನೆಗೆ ಉತ್ತರ: ಕಿಟಕಿ ಸ್ವಲ್ಪ ತೆರೆಯಿರಿ. ತಮಾಷೆಯಲ್ಲ.

ಮಲಗಿರುವ ಒಬ್ಬರು ಉಸಿರು, ಬೆವರು ಸೇರಿ ಗಂಟೆಗೆ 45 ಗ್ರಾಂ ತೇವ ಬಿಡುತ್ತಾರೆ ಅನ್ನಿ, ಇಬ್ಬರಿಗೆ 90. ಒಳಗಿನ 18 ಡಿಗ್ರಿ, ಶೇ. 60 ತೇವದ ಗಾಳಿಯ ಪ್ರತಿ ಘನ ಮೀಟರಿನಲ್ಲಿ 9 ಗ್ರಾಂ ನೀರಿರುತ್ತದೆ. ಹೊರಗಿನ ಮೈನಸ್ 7ರ ಗಾಳಿ ಎಷ್ಟೇ ಒದ್ದೆಯಾಗಿ ಕಂಡರೂ ಅದರಲ್ಲಿರುವುದು 3 ಗ್ರಾಂ ಒಳಗೆ. ಒಂದು ಘನ ಮೀಟರ್ ಬದಲಿಸಿದರೆ 6 ಗ್ರಾಂ ಹೊರಹೋಯಿತು. ಗಂಟೆಗೆ 15 ಘನ ಮೀಟರ್ ಬದಲಿಸಿದರೆ ಲೆಕ್ಕ ಚುಕ್ತಾ. ಅದಕ್ಕೆ ತೆರುವ ಶಾಖ 15 × 0.33 × 25, ಬರೀ 125 ವ್ಯಾಟ್! ಚಾವಣಿ ಫ್ಯಾನ್ ತೀರಾ ನಿಧಾನಕ್ಕೆ ಹೊರದಬ್ಬಲಿ, ಬಾಗಿಲ ಕಡೆ ಕಿಟಕಿ ಎರಡು ಬೆರಳು ತೆರೆದಿರಲಿ.

ಹೊರಗೆ 10 ಡಿಗ್ರಿ ಇರುವ ರಾತ್ರಿ ಇನ್ನೂ ಸಲೀಸು, ಯಾಕಂದರೆ ಆಗ ಹೀಟರಿನಲ್ಲಿ ಶಾಖ ಮಿಕ್ಕಿ ಬೀಳುತ್ತಿರುತ್ತದೆ. ಫ್ಯಾನ್ ಜೋರು ಮಾಡಿ, ಹೀಟರಿಗೂ ಕೆಲಸ ಸಿಗುತ್ತದೆ, ಮಸಿ ಕಟ್ಟುವುದಿಲ್ಲ, ಗೋಡೆಯೂ ಒಣಗಿರುತ್ತದೆ. ಅದೂ ಸಾಲದಿದ್ದರೆ ಥರ್ಮೋಸ್ಟಾಟ್ ಪೂರ್ತಿ ಆರಿಸಿ ಮತ್ತೆ ಹೊತ್ತಿಸುವ ಮೋಡ್ ಇಡಿ, ಸಣ್ಣಗೆ ಗಂಟೆಗಟ್ಟಲೆ ಕುದಿಸುವುದಕ್ಕಿಂತ ಅದು ಮೇಲು.

ಎಚ್ಚರ ಬೇಕಿರುವುದು ಗಾಜಿನಲ್ಲಿ. 18 ಡಿಗ್ರಿ, ಶೇ. 60ರ ಗಾಳಿ 10 ಡಿಗ್ರಿಯ ಮೈಗೆ ತಾಗಿದರೆ ಹನಿಯಾಗುತ್ತದೆ. ಮೈನಸ್ 7ರ ರಾತ್ರಿ ನಿಮ್ಮ ಒಂಟಿ ಗಾಜಿನ ಒಳಮೈ ಸೊನ್ನೆಯ ಹತ್ತಿರ ಇರುತ್ತದೆ. ಪಟ್ಟಿಯವರು ಹೇಳಿದ ಫೋಮ್ ಹಲಗೆ ಇಟ್ಟರೆ ಗಾಜು ಇನ್ನೂ ತಣ್ಣಗಾಗುತ್ತದೆ. ಅಂಚು ಸಡಿಲವಿದ್ದರೆ ಒಳಗಿನ ಗಾಳಿ ಹಿಂದಕ್ಕೆ ನುಸುಳಿ ಅಲ್ಲೇ ಹೆಪ್ಪುಗಟ್ಟಿ, ಬೆಳಿಗ್ಗೆ ಹಲಗೆ ತೆಗೆದಾಗ ನೀರು ಹಾಸಿಗೆ ಮೇಲೆ. ಹಲಗೆಯನ್ನು ಚೌಕಟ್ಟಿಗಿಂತ ಎರಡು ಮಿ.ಮೀ. ದೊಡ್ಡದಾಗಿ ಕತ್ತರಿಸಿ, ಅಂಚಿಗೆ ಮೆತ್ತನೆ ಫೋಮ್ ಪಟ್ಟಿ ಅಂಟಿಸಿ ಒತ್ತಿ ಕೂರಿಸಿ. ಉಕ್ಕಿನ ಪಕ್ಕೆಲುಬಿನ ಮೇಲೂ 10 ಮಿ.ಮೀ. ಫೋಮ್ ಹಾಯಲಿ. ಇಲ್ಲದಿದ್ದರೆ ಚಾವಣಿಯಲ್ಲಿ ಸಾಲು ಸಾಲಾಗಿ ಬೆವರಿನ ಗೆರೆ ಮೂಡುತ್ತದೆ.

ಹೊಸಬ_7

ಬೆಟ್ಟದ ಮೇಲೆ ಡೀಸೆಲ್ ಹೀಟರ್ ಹೊಗೆ ಉಗುಳುತ್ತದೆ ಅನ್ನುತ್ತಾರಲ್ಲ, ಯಾಕೆ?

ಡೀಸೆಲ್‌ಡಬ್ಬಿ

ಗಾಳಿ ತೆಳು, ಎಣ್ಣೆ ಅಷ್ಟೇ. 3000 ಮೀಟರಿನಲ್ಲಿ ಗಾಳಿಯ ಒತ್ತಡ ಸಮುದ್ರಮಟ್ಟದ್ದರ ಶೇ. 70. ಪಂಪಿನ ಬಡಿತ ಅದೇ ಅಳತೆಗೆ ಇಳಿಸದಿದ್ದರೆ ಉರಿಯದ ಎಣ್ಣೆ ಮಸಿಯಾಗುತ್ತದೆ. ಒಳ್ಳೆಯ ಹೀಟರುಗಳಲ್ಲಿ ಒತ್ತಡದ ಸೆನ್ಸರ್ ಇರುತ್ತದೆ. ಇಲ್ಲದ್ದರಲ್ಲಿ ಸೆಟಿಂಗಿಗೆ ಹೋಗಿ ಕೈಯಾರೆ ಇಳಿಸಿ, ಕೆಳಗೆ ಬಂದ ಮೇಲೆ ಮರೆಯದೆ ಏರಿಸಿ.

ನಟ್ಟುಬೋಲ್ಟು

ಜೋಡಣೆಯ ಮಾತು ಬರಲಿ ಅಂತ ಕಾಯುತ್ತಿದ್ದೆ, ಜೀವ ಹೋಗುವ ತಪ್ಪುಗಳಾಗುವುದು ಇಲ್ಲೇ.

ನೆಲದಲ್ಲಿ ಹೀಟರ್ ಕೂರುವ ಜಾಗದ ಫೋಮ್ ಪೂರ್ತಿ ತೆಗೆದು, ದಪ್ಪ ಉಕ್ಕಿನ ತಟ್ಟೆ ಕೂರಿಸಿ. ಹೀಟರಿನ ತಳದ ಗ್ಯಾಸ್ಕೆಟ್ ಆ ತಟ್ಟೆಗೆ ಸಮನಾಗಿ ಒತ್ತಬೇಕು. ಉರಿಗಾಳಿ (ಬರ್ನರ್ ಉರಿಯಲು ಎಳೆಯುವ ಗಾಳಿ), ಹೊಗೆ, ಎಣ್ಣೆ ಮೂರೂ ಪೈಪುಗಳು ಅಲ್ಲಿಂದಲೇ ಕೆಳಗಿಳಿಯುತ್ತವೆ. ಹೊಗೆ ಪೈಪಿನ ಒಂದೇ ಒಂದು ಜೋಡಣೆಯೂ ಬಸ್ಸಿನೊಳಗೆ ಇರಕೂಡದು. ಹೀಟರ್ ಜೊತೆ ಬರುವ ಸಣ್ಣ ಸೈಲೆನ್ಸರುಗಳ ಹೊಲಿಗೆ ಸಂದಿಯಿಂದ ಹೊಗೆ ಜಿನುಗುತ್ತದೆ, ಅದೂ ಹೊರಗೇ, ನೆಲದಡಿಯಲ್ಲೇ ಇರಲಿ.

ಹೊಗೆ ಪೈಪು ಉದ್ದಕ್ಕೂ ಕೆಳಮುಖ ಇಳಿಜಾರಾಗಿ ಹೋಗಲಿ. ಎಲ್ಲಾದರೂ ತೊಟ್ಟಿಲಿನಂತೆ ಜೋತರೆ ಉರಿದಾಗ ಹುಟ್ಟುವ ನೀರು ಅಲ್ಲಿ ನಿಂತು ದಾರಿ ಕಟ್ಟುತ್ತದೆ, ಜೋತುಬೀಳುವುದು ತಪ್ಪದಿದ್ದರೆ ತೀರಾ ತಗ್ಗಿನಲ್ಲಿ 3 ಮಿ.ಮೀ. ತೂತು ಕೊರೆಯಿರಿ. ಬಾಯಿ ಬಸ್ಸಿನ ಅಂಚು ದಾಟಿ ಹೊರಬರಬೇಕು, ನೆಲದಡಿಯಲ್ಲೇ ಬಿಟ್ಟರೆ ಗಾಳಿಯಿಲ್ಲದ ರಾತ್ರಿ ಹೊಗೆ ಕೆಳಗೇ ತುಂಬಿ ನೆಲದ ಸಂದಿಯಿಂದ ಮೇಲೆ ಬರುತ್ತದೆ. ಬಾಗಿಲು, ತೆರೆಯುವ ಕಿಟಕಿ ಇರುವ ಮಗ್ಗುಲು ಬೇಡ. ಹಿಮದಲ್ಲಿ ನಿಲ್ಲಿಸಿದರೆ ಬಾಯಿ ಮುಚ್ಚಿಲ್ಲವೇ ಅಂತ ಮಲಗುವ ಮೊದಲು ನೋಡಿ.

ಎಣ್ಣೆ ಸಾಲು: ಬಸ್ಸಿನ ಟ್ಯಾಂಕಿನಿಂದಲೇ ತೆಗೆಯಿರಿ, ಆದರೆ ಹೀರುವ ಕೊಳವೆ ತಳ ಮುಟ್ಟಬಾರದು, ಹೀಟರ್ ಎಷ್ಟು ಕುಡಿದರೂ ಎಂಜಿನ್ ಓಡುವಷ್ಟು ಕೆಳಗೆ ಉಳಿಯಬೇಕು. ಪಂಪು ಟ್ಯಾಂಕಿನ ಹತ್ತಿರ, ಹೊರಬಾಯಿ ಮೇಲಕ್ಕೆ ಓರೆಯಾಗಿ, ರಬ್ಬರ್ ಪಟ್ಟಿಯಲ್ಲಿ ತೂಗಿ. ಅಡ್ಡಡ್ಡ ಮಲಗಿಸಿದರೆ ಗುಳ್ಳೆ ಒಳಗೇ ಸಿಕ್ಕಿಕೊಂಡು ಬಡಿತ ಬಂದರೂ ಎಣ್ಣೆ ಬರುವುದಿಲ್ಲ. ಕಿಟ್ಟಿನಲ್ಲಿ ಬರುವ ಮೆತ್ತನೆ ಹಸಿರು ಕೊಳವೆ ಬಿಸಾಡಿ 2 ಮಿ.ಮೀ. ಒಳರಂಧ್ರದ ಗಟ್ಟಿ ನೈಲಾನ್ ಹಾಕಿ. ರಬ್ಬರ್ ತುಂಡಿನೊಳಗೆ ಎರಡು ನೈಲಾನ್ ತುದಿಗಳು ಒಂದಕ್ಕೊಂದು ಮುಟ್ಟಿರಬೇಕು. ಬ್ಲೇಡಿನಿಂದ ನೇರ ಕತ್ತರಿಸಿ, ಇಕ್ಕಳದಿಂದ ಚಿವುಟಿದರೆ ತುದಿ ಚಪ್ಪಟೆಯಾಗಿ ಅಲ್ಲೇ ಗುಳ್ಳೆಯ ಮನೆ.

ಇನ್ನು ಬಸ್ಸಿನ ಮೂಲ ಹೀಟರ್. ಮುಂದಿನ ಗಾಜಿನ ಇಬ್ಬನಿ ಬಿಡಿಸುವುದು ಇರಲೇಬೇಕು. ಸೀಟಿನಡಿಯ ಒಂದನ್ನಾದರೂ ಎರಡೂ ಕಡೆ ವಾಲ್ವ್ ಹಾಕಿ ಉಳಿಸಿಕೊಳ್ಳಿ, ಓಡುವಾಗ ಎಂಜಿನ್ ಶಾಖ ಪುಕ್ಕಟೆ. ತೆಗೆದ ಕಡೆ ಹೋಸಿನ ಎರಡು ತುದಿಗಳನ್ನು ಒಂದಕ್ಕೊಂದು ಜೋಡಿಸಿ ನೀರು ಸುತ್ತುತ್ತಲೇ ಇರುವಂತೆ ಮಾಡಿ. ನೆಲ ಮುಚ್ಚಿದ ಮೇಲೆ ಆ ಹಳೆಯ ಹೋಸ್ ಒಡೆದರೆ ಕಾದ ಕೂಲಂಟ್ ಎಲ್ಲ ಇನ್ಸುಲೇಶನ್ ಒಳಗೆ. ಹೋಸ್ ಹೊಸದು ಹಾಕಿಯೇ ಮುಚ್ಚಿ.

ಚಕ್ರದಮನೆ

ಎರಡು 2 ಕಿ.ವ್ಯಾ. ಏರ್ ಹೀಟರ್, ಕಿಟಕಿ ಹಲಗೆ, ಚಾವಣಿ ಫ್ಯಾನ್. ತೀರ್ಮಾನ ಆಯಿತು. ಎರಡು ಅನುಮಾನ ಉಳಿದಿವೆ. ಕಾರ್ಬನ್ ಮಾನಾಕ್ಸೈಡ್ ಅಲಾರಂ ನೆಲದ ಹತ್ತಿರ ಹಾಕಬೇಕಾ? ಉರಿಗಾಳಿ ಎಳೆಯುವ ಪೈಪು ಬಸ್ಸಿನೊಳಗಿಂದಲೇ ಎಳೆದರೆ ಬೆಚ್ಚನೆ ಗಾಳಿ ಸಿಗುತ್ತಲ್ಲ, ಉರಿ ಚೆನ್ನಾಗಿರುವುದಿಲ್ಲವೇ?

ಇಬ್ಬನಿ

ನೆಲದ ಹತ್ತಿರ ಇರಬೇಕಾದ್ದು ಎಲ್‌ಪಿಜಿ ಸೆನ್ಸರ್, ಅಡುಗೆಗೆ ಗ್ಯಾಸ್ ಇದ್ದರೆ. ಕಾರ್ಬನ್ ಮಾನಾಕ್ಸೈಡ್ ತೂಕದಲ್ಲಿ ಗಾಳಿಯಷ್ಟೇ, ಎಲ್ಲ ಕಡೆ ಬೆರೆಯುತ್ತದೆ. ಮಲಗಿದಾಗ ತಲೆ ಇರುವ ಎತ್ತರಕ್ಕೆ ಒಂದು, ಮುಂದೆ ಒಂದು. ಕಿಟಕಿ ಪಕ್ಕ, ಫ್ಯಾನಿನ ಗಾಳಿಗೆ ಬೇಡ. ಡಬ್ಬದ ಮೇಲೆ ಇಎನ್ 50291-2 ಅನ್ನುವ ಯುರೋಪಿನ ಮಾನದಂಡದ ಗುರುತು ಇದೆಯೇ ನೋಡಿ, ಆ ಎರಡನೇ ಭಾಗ ಗಾಡಿ, ದೋಣಿಗಳ ಕುಲುಕಾಟಕ್ಕೂ ಪರೀಕ್ಷೆಯಾದದ್ದು. ಅದು 50 ಪಿಪಿಎಂನಲ್ಲಿ (ಗಾಳಿಯ ಹತ್ತು ಲಕ್ಷ ಭಾಗಕ್ಕೆ 50) ಕೂಗಲು ಒಂದರಿಂದ ಒಂದೂವರೆ ಗಂಟೆ ತಗೊಳ್ಳುತ್ತದೆ, 300ರಲ್ಲಿ ಮೂರು ನಿಮಿಷದೊಳಗೆ. ಹಿಂದಿನ ಮೈಯಲ್ಲಿ ಬದಲಿಸಬೇಕಾದ ವರ್ಷ ಮುದ್ರಿಸಿರುತ್ತಾರೆ, ಒಳಗಿನ ಸೆನ್ಸರಿಗೂ ಆಯಸ್ಸಿದೆ. ಗುಂಡಿ ಒತ್ತಿದಾಗ ಬರುವ ಕೀಂ ಸದ್ದು ಬ್ಯಾಟರಿ, ಸ್ಪೀಕರ್ ಸರಿ ಇದೆ ಅನ್ನುತ್ತದೆ ಅಷ್ಟೇ.

ನಟ್ಟುಬೋಲ್ಟು

ಉರಿಗಾಳಿ ಒಳಗಿಂದ ಎಳೆಯಬೇಡಿ. ಹೀಟರ್ ಹೊರದಬ್ಬಿದಷ್ಟೇ ತಣ್ಣನೆ ಗಾಳಿ ಸಂದಿಗಳಿಂದ ಒಳಬರುತ್ತದೆ. ಇನ್ನೂ ಕೆಟ್ಟದ್ದು: ಚಾವಣಿ ಫ್ಯಾನ್ ಜೋರಾಗಿದ್ದು ಕಿಟಕಿ ಮುಚ್ಚಿದ್ದರೆ ಬಸ್ಸಿನೊಳಗೆ ಒತ್ತಡ ತಗ್ಗಿ, ಆರಿರುವ ಹೀಟರಿನ ಹೊಗೆ ಪೈಪಿನಿಂದ ಬರ್ನರ್ ಹಾಯ್ದು ಉರಿಗಾಳಿ ಪೈಪಿನ ಮೂಲಕ ಹಿಂದಕ್ಕೆ ಒಳಗೇ ಎಳೆದುಕೊಳ್ಳುತ್ತದೆ. ಉರಿಗಾಳಿ ಬಾಯಿ ಹೊರಗೆ, ನೆಲದಡಿ, ಹೊಗೆ ಬಾಯಿಗಿಂತ ಅರ್ಧ ಮೀಟರಾದರೂ ದೂರ, ಚಕ್ರದ ಕೆಸರು ಸಿಡಿಯದ ಜಾಗದಲ್ಲಿ, ಕೆಳಮುಖವಾಗಿ. ಬೀಸುವ ಬೆಚ್ಚನೆ ಗಾಳಿಯ ಹಿಂಬಾಯಿ ಮಾತ್ರ ಬಸ್ಸಿನೊಳಗೆ.

ಚಕ್ರದಮನೆ

ಎರಡನೇ ಹೀಟರಿಗೆ ಪ್ರತ್ಯೇಕ ಹೀರುಕೊಳವೆ ಬೇಕಾ, ಟೀ (ಮೂರು ಬಾಯಿಯ ಜೋಡಣೆ) ಹಾಕಿ ಒಂದರಿಂದಲೇ ತೆಗೆಯಬಹುದಾ?

ನಟ್ಟುಬೋಲ್ಟು

ಪ್ರತ್ಯೇಕ. ಟೀ ಹಾಕಿದರೆ ಒಂದು ಪಂಪು ಇನ್ನೊಂದರ ಸಾಲಿನಿಂದ ಗಾಳಿ ಹೀರುತ್ತದೆ, ಎರಡೂ ಕೆಮ್ಮುತ್ತವೆ.